ನೂರಕ್ಕೆ ನಾಲ್ಕರಷ್ಟು ವೇಗ

ಹಿರೊಸಾಕಿಯಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಫುಸಾಯೊ ಬೆಳಿಗ್ಗೆ ಅಂಗಡಿಗೆ ಬಂದವಳೇ ಮೊದಲು ಹಚ್ಚುವುದು ಸೀಮೆಎಣ್ಣೆ ಒಲೆಯನ್ನಲ್ಲ, ಆಂಪ್ಲಿಫೈಯರನ್ನು. ಮನುಷ್ಯರಾದರೆ ಕೋಟು ಹೊದ್ದು ಕೂತಾರು. ಅದರೊಳಗಿನ ಗಾಜಿನ ವಾಲ್ವುಗಳಿಗೆ ಮೈ ಬಿಸಿಯಾಗಲು ಮುಕ್ಕಾಲು ಗಂಟೆ ಬೇಕು. ಆಮೇಲೆ ಒಲೆ, ಆಮೇಲೆ ನೀರು, ಆಮೇಲೆ ಕಾಫಿ ಬೀಜ. ಐವತ್ತಮೂರು ವರ್ಷಗಳಿಂದ ಈ ಕ್ರಮ ತಪ್ಪಿಲ್ಲ.

ಅಂಗಡಿಯ ಹೆಸರು ಕೊತೊರಿ. ಹತ್ತೊಂಬತ್ತು ಕುರ್ಚಿಗಳು, ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ಕೂತಿವೆ. ಎದುರಿಗೆ ಬೀರುವಿನಷ್ಟೆತ್ತರದ ಎರಡು ಸ್ಪೀಕರುಗಳು. ಗೋಡೆಯ ತುಂಬ ಜಾಝ್ ರೆಕಾರ್ಡುಗಳು, ಸುಮಾರು ಎಂಟು ಸಾವಿರ. ಮಧ್ಯಾಹ್ನ ಒಂದರಿಂದ ಐದರವರೆಗೆ ಇಲ್ಲಿ ಯಾರೂ ಮಾತಾಡಕೂಡದು. ಬೇಕಾದ ರೆಕಾರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಒಂದು ಮಗ್ಗುಲು ಮಾತ್ರ; ಇನ್ನೊಂದು ಮಗ್ಗುಲು ಕೇಳಬೇಕಾದರೆ ಸರದಿ ಮತ್ತೆ ಬರಲಿ ಅಂತ ಕಾಯಬೇಕು. ಭಾನುವಾರ ಮಾತ್ರ ನಾಲ್ಕಕ್ಕೇ ಬಾಯಿಗೆ ಬಿಡುಗಡೆ.

ಫುಸಾಯೊ ಇಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಲೋಟ ತೊಳೆಯುವ ಕೆಲಸಕ್ಕೆ. ಅವಳ ಮನೆಯಲ್ಲಿ ರೇಡಿಯೊ ಕೂಡ ಇರಲಿಲ್ಲ. ಮಾಲೀಕ ನರುಮಿ ಒಂದು ದಿನ ಅವಳು ಲೋಟ ಇಡುವುದನ್ನು ಗಮನಿಸಿದ. ಮರದ ಮೇಜಿನ ಮೇಲೆ ಗಾಜಿನ ಲೋಟ. ಇಟ್ಟ ಸದ್ದೇ ಇಲ್ಲ. ಮಾರನೆಯ ದಿನದಿಂದ ಅವಳು ರೆಕಾರ್ಡ್ ಹಾಕುವವಳಾದಳು. ಅವಳು ಸೂಜಿ ಇಳಿಸಿದರೆ ಸ್ಪೀಕರಿನಲ್ಲಿ ಟಕ್ ಅನ್ನುವುದಿಲ್ಲ. ಎಲ್ಲಿಂದಲೋ ನಡೆದು ಬಂದ ಹಾಗೆ ಸಂಗೀತ ಒಳಗೆ ಬರುತ್ತದೆ. ಅಕಿತಾದಿಂದ, ಸೆಂದೈಯಿಂದ ಬಂದವರು ಸಹ ಇದನ್ನು ನೋಡಲೆಂದೇ ಕೌಂಟರಿನ ಪಕ್ಕದ ಕುರ್ಚಿ ಕೇಳುತ್ತಾರೆ. ಕೊಳಕಾದ ರೆಕಾರ್ಡು ಬಂದರೆ ಹಿಂಬದಿಯ ಕೋಣೆಯಲ್ಲಿ ಬೆಚ್ಚಗಿನ ನೀರಿನಲ್ಲಿ ಮೇಕೆಕೂದಲ ಬ್ರಶ್ಶಿನಿಂದ ತೊಳೆದು, ದೀಪಕ್ಕೆ ಓರೆಯಾಗಿ ಹಿಡಿದು, ಗೆರೆಗಳಲ್ಲಿ ಉಳಿದದ್ದು ಧೂಳೋ ಗಾಯವೋ ಅಂತ ಹೇಳಬಲ್ಲಳು. ಧೂಳಾದರೆ ಇನ್ನೊಮ್ಮೆ ತೊಳೆಯುತ್ತಾಳೆ. ಗಾಯವಾದರೆ ಅದು ಎಲ್ಲಿ ಬರುತ್ತದೆಂದು ನೆನಪಿಟ್ಟುಕೊಂಡು, ಆ ಜಾಗ ಬಂದಾಗ ಅದಕ್ಕೆ ಇನ್ನೊಂದು ಸದ್ದು ಸೇರದಿರಲೆಂದು ಕಾಫಿ ಬೀಜದ ಡಬ್ಬಿಯನ್ನು ಮುಟ್ಟದೆ ನಿಲ್ಲುತ್ತಾಳೆ.

ನರುಮಿ ತೀರಿಕೊಂಡು ಮೂವತ್ತು ವರ್ಷ ದಾಟಿತು. ಅಂಗಡಿಯನ್ನು ಅವಳ ಹೆಸರಿಗೆ ಬಿಟ್ಟು ಹೋದ. ಜೊತೆಗೆ ಒಂದು ಮಾತನ್ನೂ ಬಿಟ್ಟು ಹೋದ: "ಹಾಕೋರು ಹಾಕ್ಬೇಕು ಫುಸಾ, ಹೇಳಬಾರ್ದು. ನೀನು ಬಾಯಿ ಬಿಟ್ರೆ ಅವರು ಕೇಳೋದು ಬಿಟ್ಟು ನಿನ್ನ ಮುಖ ನೋಡ್ತಾರೆ." ಅದಕ್ಕೇ ಯಾರಾದರೂ "ಅಕ್ಕ, ನಿಮಗೆ ಯಾವುದಿಷ್ಟ?" ಅಂದರೆ, "ಈಗ ಸುತ್ತುತ್ತಾ ಇದೆಯಲ್ಲ, ಅದು" ಅನ್ನುತ್ತಾಳೆ.

ಎಂಟು ಸಾವಿರದಲ್ಲಿ ಒಂದು ರೆಕಾರ್ಡು ಈ ಅಂಗಡಿಯಲ್ಲೇ ಹುಟ್ಟಿದ್ದು. ೧೯೭೪ರ ಫೆಬ್ರವರಿಯ ಒಂದು ಭಾನುವಾರ, ಕುರ್ಚಿಗಳನ್ನೆಲ್ಲ ಹೊರಗೆ ಹಿಮದಲ್ಲಿಟ್ಟು, ಪಿಯಾನೊ, ಬಾಸ್, ಡ್ರಮ್ಮು ನುಡಿಸುವ ಮೂವರನ್ನು ಕೂರಿಸಿ ನರುಮಿ ಧ್ವನಿಮುದ್ರಣ ಮಾಡಿಸಿದ. ಪಿಯಾನೊ ನುಡಿಸಿದವನು ನಿಶಿದಾತೆ, ಇಪ್ಪತ್ತೇಳು ವರ್ಷದ ಸೇಬು ತೋಟದ ಹುಡುಗ. ಟೇಪಿನ ಯಂತ್ರ ನಡೆಸಿದವಳು ಫುಸಾಯೊ. ಕೊನೆಯ ಹಾಡು ಮುಗಿಯುತ್ತಿದ್ದಂತೆ ಆರು ಹೊಡೆಯಿತು. ಹಿಂದಿನ ಕಿಟಕಿಯಿಂದ ಬೌದ್ಧ ಮಂದಿರದ ಗಂಟೆಯ ಸದ್ದು ಒಳಗೆ ಬಂತು. ನಿಶಿದಾತೆ ಕೈ ಎತ್ತಲಿಲ್ಲ. ಆ ಗಂಟೆಯ ಅಲೆ ಅಡಗುವವರೆಗೂ ಎಡಗೈಯಲ್ಲಿ ಎರಡೇ ಸ್ವರ ಹಿಡಿದು ಕೂತ. ಟೇಪು ಟೋಕಿಯೊಗೆ ಹೋಗಿ ಮುನ್ನೂರು ರೆಕಾರ್ಡಾಗಿ ಬಂತು. ಕವರಿಗೆ ಹಣವಿರಲಿಲ್ಲ, ಸೇಬಿನ ಪೆಟ್ಟಿಗೆಗೆ ಹೊಡೆಯುವ ಮಸಿ ಅಚ್ಚಿನಲ್ಲೇ ಹೆಸರು ಹೊಡೆದರು. ಈಗ ಸಂಗ್ರಾಹಕರು ಅದನ್ನು ಗಂಟೆ ರೆಕಾರ್ಡು ಅನ್ನುತ್ತಾರೆ. ಅದಿರುವ ಮನೆಗೆ ಬೆಂಕಿ ಬಿದ್ದರೆ ಮೊದಲು ಏನನ್ನು ಹೊರಗೆ ತರುತ್ತಾರೆಂದು ಅವರ ಹೆಂಡತಿಯರಿಗೂ ಗೊತ್ತು.

ರೆಕಾರ್ಡು ಬೆಳೆಯಿತು, ನಿಶಿದಾತೆ ಬೆಳೆಯಲಿಲ್ಲ. ಅದನ್ನು ಕೇಳಿದವರು ಅವನನ್ನು ಸೆಂದೈಗೆ ಕರೆಸಿದರು. ಆ ಮಿಂಚು, ಆ ಹೊಳಪು ಅವನ ಕೈಯಿಂದ ಬರಲಿಲ್ಲ. "ರೆಕಾರ್ಡಿನಲ್ಲಿ ಕುದುರೆ, ವೇದಿಕೆಯಲ್ಲಿ ಎತ್ತು" ಅಂತ ಒಬ್ಬ ಪತ್ರಿಕೆಯಲ್ಲಿ ಬರೆದ. ತನ್ನದೇ ರೆಕಾರ್ಡನ್ನು ಹಾಕಿಕೊಂಡು ಅದರ ಜೊತೆ ಓಡಲು ನಿಶಿದಾತೆ ಎರಡು ವರ್ಷ ಒದ್ದಾಡಿದ. ಮಣಿಕಟ್ಟು ಊದಿತು. ೧೯೭೭ರಲ್ಲಿ ಪಿಯಾನೊ ಮುಚ್ಚಿ ಅಪ್ಪನ ತೋಟಕ್ಕೆ ಹೋದವನು ಮತ್ತೆ ಕೊತೊರಿಯ ಒಳಗೆ ಕಾಲಿಡಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಾತಾಡುತ್ತಾನೆ, ಬೆಳೆಯ ವಿಷಯ, ಹಿಮದ ವಿಷಯ. ಸಂಗೀತದ ವಿಷಯ ಇಲ್ಲ.

ಈ ವರ್ಷ ಟೋಕಿಯೊದ ಒಂದು ಸಣ್ಣ ಕಂಪನಿ ಗಂಟೆ ರೆಕಾರ್ಡನ್ನು ಮರುಮುದ್ರಿಸಲು ಹೊರಟಿತು. ನರುಮಿಯ ಬೀರುವಿನಲ್ಲಿದ್ದ ಮೂಲ ಟೇಪನ್ನು ಫುಸಾಯೊ ಶರತ್ಕಾಲದಲ್ಲೇ ಕಳಿಸಿದ್ದಳು. ಅದನ್ನು ಶುಚಿಮಾಡಿ ಹೊಸದಾಗಿ ಹದಗೊಳಿಸಿದ ಉಸಾಮಿ ಎಂಬ ಮೂವತ್ತನಾಲ್ಕರ ಹೆಣ್ಣುಮಗಳು ಫೆಬ್ರವರಿಯ ಎರಡನೇ ಭಾನುವಾರ ಮಾದರಿ ರೆಕಾರ್ಡನ್ನು ರೈಲಿನ ಅಟ್ಟದ ಮೇಲಿಡದೆ ತೊಡೆಯ ಮೇಲೇ ಇಟ್ಟುಕೊಂಡು ಬಂದಿಳಿದಳು. ಆ ದಿನವನ್ನು ಅವಳು ಬೇಕೆಂದೇ ಆರಿಸಿಕೊಂಡಿದ್ದಳು. ಪ್ರತಿ ವರ್ಷ ಆ ಭಾನುವಾರ ಸಂಗ್ರಾಹಕರು ಕೊತೊರಿಯಲ್ಲಿ ಸೇರುತ್ತಾರೆ. ರೆಕಾರ್ಡಿನೊಳಗಿನ ಗಂಟೆಯೂ ಹೊರಗಿನ ಆರರ ಗಂಟೆಯೂ ಒಟ್ಟಿಗೆ ಹೊಡೆಯುವ ಹಾಗೆ ಹೊತ್ತು ನೋಡಿ ಸೂಜಿ ಇಳಿಸುವುದು ಅವರ ಪದ್ಧತಿ.

ಹಿಮ ಜೋರಾಗಿದ್ದರಿಂದ ಈ ಸಲ ಬಂದವರು ಇಬ್ಬರೇ. ಒಬ್ಬ ಮುರೊತಾ, ನಿವೃತ್ತ ಹಲ್ಲಿನ ಡಾಕ್ಟರು. ಅಕಿತಾದಿಂದ ೧೯೮೫ರಲ್ಲಿ ಬಂದು ಇಲ್ಲೇ ನೆಲೆ ನಿಂತವನು, ಗಂಟೆ ರೆಕಾರ್ಡಿನ ಎರಡು ಪ್ರತಿಗಳ ಒಡೆಯ. ಇನ್ನೊಬ್ಬ ಇನಾಗಾಕಿ, ಅಂಚೆ ಕಚೇರಿಯಲ್ಲಿದ್ದವನು, ನೀಗಾತಾ ಕಡೆಯವನು. ಅವನ ಬಳಿ ಪ್ರತಿ ಇಲ್ಲ, ಕಿವಿ ಇದೆ.

ಮೊದಲ ಮಗ್ಗುಲು ಮುಗಿದಾಗ ಮುರೊತಾ ಕಣ್ಣು ತೆರೆದು ನಿಟ್ಟುಸಿರು ಬಿಟ್ಟ.

"ಒಗೆದ ಅಂಗಿ ಹಾಗಿದೆಯಮ್ಮ. ಸ್ವಚ್ಛ, ಒಪ್ಪಿದೆ. ಆದ್ರೆ ಮೈ ವಾಸನೆ ಎಲ್ಲಿ ಹೋಯ್ತು?"

"ನಿಮ್ಮ ಪ್ರತಿಯಲ್ಲಿರೋದು ಮೈ ವಾಸನೆ ಅಲ್ಲ ಡಾಕ್ಟ್ರೇ, ಧೂಳು," ಅಂದ ಇನಾಗಾಕಿ. "ಊರಿಗೆಲ್ಲಾ ಹಲ್ಲು ಉಜ್ಜಿ ಹಲ್ಲು ಉಜ್ಜಿ ಅಂದೋರು, ರೆಕಾರ್ಡು ಮಾತ್ರ ಅಕ್ಕನ ಕೈಗೆ ತೊಳೆಯೋಕೆ ಕೊಡಲ್ಲ."

"ನಲವತ್ತು ವರ್ಷದ ಧೂಳು ಅಂದ್ರೆ ಅದೂ ಸಂಗೀತವೇ ಕಣಯ್ಯ."

"ಹಾಗಂತ ನಿಮ್ಮ ರೋಗಿಗಳು ಹೇಳಿದ್ರೆ ಒಪ್ತಿದ್ರಾ?"

ಉಸಾಮಿ ನಕ್ಕಳು. "ನಾನು ಹೆಚ್ಚೇನೂ ಮಾಡಿಲ್ಲ. ಬಾಸ್ ಮೇಲೆ ಒಂದು ಮುಸುಕಿತ್ತು, ತೆಗೆದೆ. ಒಲೆಯ ಸದ್ದು ಬಿಟ್ಟಿದ್ದೀನಿ, ಕುರ್ಚಿ ಕಿರುಗುಟ್ಟಿದ್ದೂ ಇದೆ."

"ಪಿಯಾನೊ ಶ್ರುತಿ ಮುಟ್ಟಿಲ್ಲ ತಾನೇ?" ಇನಾಗಾಕಿ ಮುಂದಕ್ಕೆ ಬಾಗಿದ. "ಅದು ಮುಕ್ಕಾಲು ಮೆಟ್ಟಿಲು ಮೇಲಿದೆ. ಹಿರೊಸಾಕಿಯ ಚಳಿಗೆ ತಂತಿ ಬಿಗಿದುಕೊಳ್ಳುತ್ತೆ, ಅದಕ್ಕೇ ಆ ಹೊಳಪು. ನಾನು ನಾಲ್ಕು ಪುಟದ ಲೇಖನ ಬರೆದಿದ್ದೀನಿ."

"ಓದಿದ್ದೀನಿ," ಅಂದಳು ಉಸಾಮಿ, ಮರ್ಯಾದೆಯಿಂದ. ಆ ಪಿಯಾನೊ ಈಗಿದ್ದಿದ್ದರೆ ನೋಡಬಹುದಿತ್ತು. ಅದು ಎಷ್ಟೋ ವರ್ಷದ ಹಿಂದೆ ಒಂದು ಶಿಶುವಿಹಾರಕ್ಕೆ ಹೋಗಿ ಅಲ್ಲೇ ಮುರಿದು ಬಿದ್ದಿತ್ತು.

ಆರಕ್ಕೆ ಇಪ್ಪತ್ತೊಂದು ನಿಮಿಷವಿದ್ದಾಗ ಫುಸಾಯೊ ಎರಡನೇ ಮಗ್ಗುಲಿಗೆ ಸೂಜಿ ಇಳಿಸಿ ಹಿಂದಿನ ಕಿಟಕಿಯನ್ನು ಒಂದು ಗೇಣು ತೆರೆದಳು. ಕೊನೆಯ ಹಾಡು ಬಂತು. ರೆಕಾರ್ಡಿನೊಳಗೆ ಗಂಟೆ ಹೊಡೆಯಿತು. ಅದರ ಬೆನ್ನಿಗೇ ಹೊರಗೆ ಸೈರಿನ್‌ಜಿ ಮಂದಿರದ ಗಂಟೆ ಹೊಡೆಯಿತು. ಎರಡು ಸದ್ದೂ ಸೇರಿದವು, ಆದರೆ ಬೆರೆಯಲಿಲ್ಲ. ಒಳಗಿನದು ಸ್ವಲ್ಪ ಮೇಲೆ, ಹೊರಗಿನದು ಸ್ವಲ್ಪ ಕೆಳಗೆ. ನಡುವೆ ಗಾಳಿ ಅದುರಿತು. ಪ್ರತಿ ವರ್ಷವೂ ಹಾಗೆಯೇ ಅದುರುತ್ತಿತ್ತು.

"ಹೊರಗಿನದು ಸೈರಿನ್‌ಜಿ," ಮುರೊತಾ ಬೆರಳೆತ್ತಿ ಉಸಾಮಿಗೆ ವಿವರಿಸಿದ. "ರೆಕಾರ್ಡಿನದು ಕೊಗೆನ್‌ಜಿ. ಹಳ್ಳದ ಆಚೆಗಿದೆಯಲ್ಲ, ಸಣ್ಣ ಗಂಟೆ, ಅದು."

"ಕವರಿನ ಮೇಲೆ ಬರೀಬೇಕು. ಖಚಿತವಾ?"

"ಖಚಿತ ಅಂದ್ರೆ? ಓಸಾಕಾದಿಂದ ಬಂದೋರೂ ಕೊಗೆನ್‌ಜಿ ಗಂಟೆ ಮುಂದೆ ನಿಂತು ಫೋಟೊ ಹಿಡಿಸ್ಕೊಂಡು ಹೋಗ್ತಾರೆ. ನಾನೇ ಕರ್ಕೊಂಡು ಹೋಗ್ತೀನಿ."

ಉಸಾಮಿ ಕೌಂಟರಿನ ಕಡೆ ತಿರುಗಿದಳು. "ಫುಸಾಯೊ ಸಾನ್, ಅವತ್ತು ಇದ್ದೋರಲ್ಲಿ ಈಗ ಇಲ್ಲಿರೋರು ನೀವೊಬ್ಬರೇ ಅಲ್ವಾ? ನಿಮಗೇನು ನೆನಪಿದೆ?"

ಆ ಅಂಗಡಿಯಲ್ಲಿ ಅವಳನ್ನು ಯಾರೂ ಈ ರೀತಿ ಕೇಳಿರಲಿಲ್ಲ. ಯಾವುದು ಇಷ್ಟ ಅಂತ ಕೇಳಿದ್ದರು, ಏನು ನಡೆಯಿತು ಅಂತ ಕೇಳಿರಲಿಲ್ಲ. ಇದು ಅಭಿಪ್ರಾಯವಲ್ಲ, ನಡೆದ ಸಂಗತಿ, ಹೇಳಬಹುದು ಅಂದುಕೊಂಡಳು. ಕೈ ಒರೆಸಿಕೊಂಡಳು.

"ಕೊಗೆನ್‌ಜಿಯಲ್ಲಿ ಆಗ ಗಂಟೆ ಇರಲಿಲ್ಲ."

ಮುರೊತಾ ನಗಲು ಹೋಗಿ ನಿಲ್ಲಿಸಿದ.

"ಯುದ್ಧದಲ್ಲಿ ಕರಗಿಸೋಕೆ ಒಯ್ದುಬಿಟ್ರು. ನಮ್ಮಮ್ಮ ಶಾಲೆ ಮಕ್ಕಳ ಜೊತೆ ಬೀದಿಯಲ್ಲಿ ನಿಂತು ಅದಕ್ಕೆ ಕೈ ಬೀಸಿದ್ದಳಂತೆ. ಈಗಿರೋದು ಹೊಸದು, ಎಂಬತ್ತೊಂದನೇ ಇಸವಿಯಲ್ಲಿ ಕಟ್ಟಿದ್ದು. ಅವತ್ತು ಮೋಚಿ ಅಕ್ಕಿ ಉಂಡೆ ಹಂಚಿದ್ರು, ನಾನೇ ಹೋಗಿ ತಂದಿದ್ದೆ."

"ಅಕ್ಕ, ಇಪ್ಪತ್ತು ವರ್ಷದಿಂದ ನಾವು ಇಲ್ಲೇ ಕೂತು ವಾದ ಮಾಡ್ತಿದ್ದೀವಿ!" ಇನಾಗಾಕಿ ಎದ್ದೇ ನಿಂತ. "ಒಂದು ಮಾತು ಹೇಳೋದಲ್ವಾ?"

"ನೀವು ಸದ್ದಿನ ವಿಷಯ ಮಾತಾಡ್ತಿದ್ರಿ. ನನಗೂ ಬೇರೆ ಥರ ಕೇಳುತ್ತೆ ಅನ್ನಿಸ್ತಿತ್ತು. ಟೇಪಿನಲ್ಲಿ ನಮ್ಮ ದನಿಯೇ ನಮಗೆ ಬೇರೆ ಕೇಳುತ್ತೆ, ಗಂಟೆಯೂ ಹಾಗೇ ಇರ್ಬೇಕು ಅಂತ ಸುಮ್ಮನಿದ್ದೆ."

ಉಸಾಮಿ ನಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತಳು. "ಹಾಗಾದ್ರೆ ರೆಕಾರ್ಡಿನದೂ ಈ ಸೈರಿನ್‌ಜಿ ಗಂಟೆಯೇ," ಅಂದಳು ಮೆಲ್ಲಗೆ. "ಕಂಚು ಚಳಿಗೆ ಮುಕ್ಕಾಲು ಮೆಟ್ಟಿಲು ಏರಲ್ಲ. ಇದು ಬೆಳಿಗ್ಗೆ ಮತ್ತೆ ಯಾವಾಗ ಹೊಡೆಯುತ್ತೆ?"

ಮಾರನೆಯ ಬೆಳಿಗ್ಗೆ ಆರಕ್ಕೆ ನಾಲ್ವರೂ ಅಂಗಡಿಯಲ್ಲಿದ್ದರು. ಕೊತೊರಿಯ ಹಳೆಯ ಟರ್ನ್‌ಟೇಬಲ್ಲಿನಲ್ಲಿ ವೇಗವನ್ನು ಕೂದಲಷ್ಟು ಹೆಚ್ಚು ಕಡಿಮೆ ಮಾಡುವ ಗುಂಡಿಯೊಂದಿದೆ. ಹೊರಗೆ ಸೈರಿನ್‌ಜಿಯ ಗಂಟೆಗೆ ಮೊದಲ ಪೆಟ್ಟು ಬಿದ್ದಾಗ ಫುಸಾಯೊ ರೆಕಾರ್ಡಿನ ಗಂಟೆಯ ಮೇಲೆ ಸೂಜಿ ಇಳಿಸಿದಳು. ಎರಡನೇ ಪೆಟ್ಟಿಗೆ ಮತ್ತೆ ಎತ್ತಿ ಮತ್ತೆ ಅಲ್ಲೇ ಇಳಿಸಿದಳು. ಎಡಗೈ ಗುಂಡಿಯ ಮೇಲಿತ್ತು. ಅದುರು ನಿಧಾನವಾಯಿತು, ಇನ್ನೂ ನಿಧಾನವಾಯಿತು. ಐದನೇ ಪೆಟ್ಟಿಗೆ ಅದುರೇ ಇಲ್ಲ. ಒಳಗೂ ಹೊರಗೂ ಒಂದೇ ಗಂಟೆ ಹೊಡೆಯಿತು.

ಉಸಾಮಿ ಗುಂಡಿಯ ಅಳತೆ ನೋಡಿದಳು.

"ನೂರಕ್ಕೆ ನಾಲ್ಕು. ಇಷ್ಟು ವರ್ಷ ಈ ರೆಕಾರ್ಡು ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡ್ತಾ ಇದೆ. ಟೋಕಿಯೊದಲ್ಲೇ ತಪ್ಪಾಗಿರಬೇಕು."

ಫುಸಾಯೊಗೆ ಟೋಕಿಯೊ ಅಲ್ಲ ಅಂತ ತಿಳಿಯಿತು. ಹಿಂದಿನ ಕೋಣೆಗೆ ಹೋಗಿ, ಕಪಾಟಿನ ಅಡಿಯಿಂದ ಆ ಹಳೆಯ ಟೇಪ್ ಯಂತ್ರವನ್ನು ಎಳೆದು ತಂದಳು. ಟೇಪನ್ನು ಎಳೆಯುವ ಕಡ್ಡಿಯ ಮೇಲಿದ್ದ ಒಂದು ಹಿತ್ತಾಳೆಯ ಕೊಳವೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಕಿರುಬೆರಳಿನಷ್ಟಿತ್ತು.

ಆ ಯಂತ್ರ ಓಸಾಕಾದಿಂದ ಕೊಂಡದ್ದು ಅಂತ ಹೇಳಿದಳು. ಓಸಾಕಾ ಕಡೆ ಕರೆಂಟಿಗೆ ಸೆಕೆಂಡಿಗೆ ಅರವತ್ತು ಮಿಡಿತ, ಈ ಕಡೆ ಐವತ್ತು. ಅಲ್ಲಿಯ ಯಂತ್ರ ಇಲ್ಲಿ ಓಡಬೇಕಾದರೆ ದಪ್ಪ ಕೊಳವೆ ತೊಡಿಸಬೇಕು, ಇಲ್ಲದಿದ್ದರೆ ಟೇಪು ತೆವಳುತ್ತದೆ. ಕಂಪನಿಯ ಕೊಳವೆ ಬರಲು ತಿಂಗಳಾಗುತ್ತಿತ್ತು. ರೇಡಿಯೊ ರಿಪೇರಿಯ ಸವಾದಾ ತನ್ನ ಲೇತಿನಲ್ಲಿ ಕಡೆದು ಕೊಟ್ಟ. ಅದು ಒಂದು ಉಗುರಿನ ದಪ್ಪದಷ್ಟು ತೆಳ್ಳಗಾಗಿತ್ತು. ಹಾಗಾಗಿ ಟೇಪು ಕೊಂಚ ನಿಧಾನವಾಗಿ ಓಡುತ್ತ ಸಂಗೀತವನ್ನು ಹಿಡಿಯಿತು. ಅದೇ ಯಂತ್ರದಲ್ಲಿ ಹಾಕಿ ಕೇಳಿದಾಗ ಎಲ್ಲ ಸರಿಯಾಗೇ ಕೇಳಿತು. ಸರಿಯಾದ ಯಂತ್ರವಿದ್ದ ಟೋಕಿಯೊದಲ್ಲಿ ಮಾತ್ರ ಅದೇ ಟೇಪು ಓಡಿತು.

"ಹಾಗಾದ್ರೆ ಸವಾದಾನ ತಪ್ಪು," ಅಂದ ಇನಾಗಾಕಿ. "ಪಾಪ, ಅವನೂ ಇಲ್ಲ ಈಗ."

"ಅಲ್ಲ," ಅಂದಳು ಫುಸಾಯೊ. "ಇಂಥದ್ದಕ್ಕೇ ಅಂತ ಒಂದು ಕ್ರಮ ಇದೆ."

ಉಸಾಮಿಗೆ ಗೊತ್ತಿತ್ತು, ತಲೆ ತಗ್ಗಿಸಿದಳು. ಟೇಪಿನ ತುದಿಯಲ್ಲಿ, ಹಾಡಿಗಿಂತ ಮೊದಲು, ಪಿಯಾನೊದ ಒಂದು ಸ್ವರವನ್ನು ಇಪ್ಪತ್ತು ಸೆಕೆಂಡು ಹಿಡಿದಿಡಬೇಕು. ಅದನ್ನು ಕೇಳಿ, ಟೇಪು ಎಲ್ಲಿಗೆ ಹೋದರೂ ಅಲ್ಲಿಯವರು ತಮ್ಮ ಯಂತ್ರವನ್ನು ಅದಕ್ಕೆ ಸರಿಹೊಂದಿಸಿಕೊಳ್ಳುತ್ತಾರೆ.

"ನರುಮಿ ಸಾನ್ ಎರಡು ಸಲ ಹೇಳಿದ್ರು," ಅಂದಳು ಫುಸಾಯೊ. "ಟೇಪು ಕಡಿಮೆ ಇತ್ತು. ಕೊನೆಯ ಹಾಡಿಗೆ ಸಾಲದೆ ಹೋದರೆ ಅಂತ ಭಯ ಆಯ್ತು. ಆ ಇಪ್ಪತ್ತು ಸೆಕೆಂಡು ನಾನು ಉಳಿಸಿದೆ. ಹಿಡಿದಿದ್ದೀನಿ ಅಂತ ಅವರಿಗೆ ಹೇಳಿದೆ."

ಅವಳಿಗೆ ಆ ಹೊತ್ತಿನಲ್ಲಿ ಕಂಡದ್ದು ಕೊಳವೆಯಲ್ಲ, ನಿಶಿದಾತೆಯ ಊದಿದ ಮಣಿಕಟ್ಟು. ಮನುಷ್ಯನ ಕೈ ನುಡಿಸದೇ ಇದ್ದ ಸಂಗೀತದ ಜೊತೆ ಅವನು ಎರಡು ವರ್ಷ ಓಡಿದ್ದ.

ಉಸಾಮಿ ಟೋಕಿಯೊಗೆ ಫೋನು ಮಾಡಿ ಮಾತಾಡಿದಳು. ಬಂದಾಗ ಮುಖ ಸಣ್ಣದಾಗಿತ್ತು. ಗುರುವಾರ ರೆಕಾರ್ಡಿನ ಅಚ್ಚು ಕೊರೆಯಬೇಕು, ದಿನ ಮುಂದಕ್ಕೆ ಹೋಗುವುದಿಲ್ಲ. ಜನಕ್ಕೆ ಬೇಕಾದದ್ದು ಅವರು ಬಲ್ಲ ರೆಕಾರ್ಡು. ಬದಲಾಯಿಸುವುದಾದರೆ ಪಿಯಾನೊ ನುಡಿಸಿದವನೇ ಕೇಳಿ, ಇದು ಸರಿ ಅಂತ ಸಹಿ ಹಾಕಬೇಕು. ಇಲ್ಲದಿದ್ದರೆ ಹಳೆಯ ವೇಗವೇ.

"ಅವನು ಕೇಳಲ್ಲ," ಅಂದ ಮುರೊತಾ. "ಮರುಮುದ್ರಣದ ಒಪ್ಪಂದಕ್ಕೂ ಓದದೆ ಸಹಿ ಹಾಕಿದ್ನಂತೆ. ಬಿಟ್ಟುಬಿಡೋಣ ಅಕ್ಕ. ನಾನು ಹೆಂಡತಿ ಸತ್ತ ವರ್ಷ ಪೂರ್ತಿ ಇದನ್ನೇ ಕೇಳಿದ್ದು. ಈಗ ಬಂದು ಅದು ತಪ್ಪು ಅಂದ್ರೆ, ನಾನು ಏನನ್ನ ಕೇಳಿದೆ ಹಾಗಾದ್ರೆ?"

ಇನಾಗಾಕಿಯೂ ಈ ಸಲ ಕುಟುಕಲಿಲ್ಲ. ಮುರೊತಾನೇ ಮತ್ತೆ ಹೇಳಿದ: "ಹೇಳಲೇಬೇಕು ಅಂತಿದ್ರೆ ಟೋಕಿಯೊದವರ ಮೇಲೆ ಹಾಕಿ. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು. ಯಾರಿಗೂ ನೋವಾಗಲ್ಲ."

"ಡಾಕ್ಟ್ರೇ, ಹುಳುಕು ಹಲ್ಲು ಬಿಟ್ಟು ಪಕ್ಕದ ಹಲ್ಲು ಕಿತ್ತಿದ್ದೀರಾ ಯಾವತ್ತಾದರೂ?" ಅಂದಳು ಫುಸಾಯೊ. ಅವಳು ಅಷ್ಟು ಗಡುಸಾಗಿ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ಕೊಳವೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಬೂಟು ಹಾಕಿಕೊಂಡು, ಬಾಗಿಲಿಗೆ ಇವತ್ತು ತೆರೆಯುವುದಿಲ್ಲ ಎಂಬ ಹಲಗೆ ತೂಗುಹಾಕಿ ಹೊರಟಳು.

ಬಸ್ಸಿಳಿದು ತೋಟ ತಲುಪುವಷ್ಟರಲ್ಲಿ ಹಿಮ ನಿಂತು ಬಿಸಿಲು ಬಂದಿತ್ತು. ಇವಾಕಿ ಬೆಟ್ಟ ತುದಿಯಿಂದ ಬುಡದವರೆಗೆ ಬಿಳಿ. ನಿಶಿದಾತೆ ಮೊಣಕಾಲುದ್ದದ ಹಿಮದಲ್ಲಿ ಏಣಿ ನಿಲ್ಲಿಸಿ ಸೇಬಿನ ಕೊಂಬೆ ಸವರುತ್ತಿದ್ದ. ಎಪ್ಪತ್ತೈದಾದರೂ ಕತ್ತರಿಯ ಕೈ ಸಲೀಸಾಗಿತ್ತು. ಕೊಂಬೆ ನೋಡುತ್ತಾನೆ, ಒಂದು ಕ್ಷಣ ತಡೆಯುತ್ತಾನೆ, ಕತ್ತರಿಸುತ್ತಾನೆ. ಆ ತಡೆ ಅವಳಿಗೆ ಗೊತ್ತಿತ್ತು. ಪಿಯಾನೊದ ಮುಂದೆಯೂ ಅವನು ಹಾಗೇ ತಡೆಯುತ್ತಿದ್ದ.

"ಏನು ಫುಸಾ, ಅಂಗಡಿ ಮುಚ್ಚಿ ಬಂದಿದ್ದೀಯಾ? ಯಾರು ಹೋದ್ರು?"

"ಯಾರೂ ಇಲ್ಲ. ಇಳಿದು ಬಾ."

"ಮೇಲಿಂದಲೇ ಕೇಳುತ್ತೆ, ಹೇಳು."

ಅವಳು ಹಿಮದಲ್ಲಿ ನಿಂತೇ ಹೇಳಿದಳು. ಗಂಟೆ, ಕೊಳವೆ, ಉಳಿಸಿದ ಇಪ್ಪತ್ತು ಸೆಕೆಂಡು, ನರುಮಿಗೆ ಹೇಳಿದ ಸುಳ್ಳು. ಯಾವುದನ್ನೂ ಸುತ್ತಿ ಬಳಸಲಿಲ್ಲ, ಅಳಲೂ ಇಲ್ಲ. ಕೊನೆಗೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿದಳು, ಹಾಗೇ ನಿಂತಳು. ಮೇಲೆ ಕತ್ತರಿಯ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು.

"ನಾಲ್ಕು," ಅಂದ ನಿಶಿದಾತೆ. "ನೂರಕ್ಕೆ ಬರೀ ನಾಲ್ಕಾ?"

"ನಾಲ್ಕು."

ಅವನು ಏಣಿಯಿಂದ ಇಳಿದ. ಕೈಗವಸು ಬಿಚ್ಚಿ ಕೊಳವೆಯನ್ನು ಅಂಗೈಯಲ್ಲಿಟ್ಟು ನೋಡಿದ. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಂಡ. ಅದು ಚಳಿಗಾಲದ ರೂಢಿಯೋ ಏನೋ.

"ನನ್ನ ಹೆಂಡ್ತಿ ಹೇಳ್ತಿದ್ಳು, ರೆಕಾರ್ಡಿನಲ್ಲಿರೋ ಮನುಷ್ಯ ನೀನಲ್ಲ ಅಂತ. ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ." ಆಮೇಲೆ ಅಂದ, "ನಿನಗೆ ಬೈಬೇಕು ಅಂತಿದೆ ಫುಸಾ. ಚಳಿಗೆ ಬಾಯಿ ಮರಗಟ್ಟಿದೆ. ಆಮೇಲೆ ಬೈತೀನಿ."

"ಬೈಯಿ. ಮೊದಲು ಬಂದು ಕೇಳು. ಗುರುವಾರದೊಳಗೆ."

"ನಾನು ಕೇಳಿ ಏನಾಗ್ಬೇಕು? ನನಗೀಗ ಎಪ್ಪತ್ತೈದು."

"ನಿನಗೇನೂ ಆಗಬೇಕಿಲ್ಲ. ನೀನು ನುಡಿಸಿದ್ದು ನಿನ್ನ ಹೆಸರಲ್ಲಿ ಇರ್ಬೇಕು, ಅಷ್ಟೇ."

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಅವನು ಬಂದ. ತೋಟದ ಬೂಟಿನ ಹಿಮವನ್ನು ಹೊಸ್ತಿಲಿಗೆ ಬಡಿದು, ಟೋಪಿ ತೆಗೆದು, ಒಳಗೆ ನಿಂತು ಹತ್ತೊಂಬತ್ತು ಕುರ್ಚಿಗಳನ್ನು ಒಮ್ಮೆ ನೋಡಿದ. ಮುರೊತಾ, ಇನಾಗಾಕಿ, ಉಸಾಮಿ ಮೊದಲೇ ಕೂತಿದ್ದರು. ನಿಶಿದಾತೆ ಹಿಂದಿನ ಸಾಲಿನ ಕೊನೆಯಲ್ಲಿ ಕೂತ. ಮಾತಿಲ್ಲದ ಹೊತ್ತು, ಯಾರೂ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಅದೊಂದು ಪುಣ್ಯ.

ಫುಸಾಯೊ ಗುಂಡಿಯನ್ನು ಗುರುತಿಗೆ ತಿರುಗಿಸಿ ಸೂಜಿ ಇಳಿಸಿದಳು.

ಮೊದಲ ಹಾಡಿನ ಕಾಲುಭಾಗದವರೆಗೆ ಅವಳಿಗೆ ಏನೂ ಕೇಳಿಸಲಿಲ್ಲ, ಹಿಂದಿನ ಸಾಲನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಕೇಳಿಸಿತು. ಬಾಸ್ ನೆಲ ಮುಟ್ಟಿತ್ತು. ಡ್ರಮ್ಮಿನವನ ಕಡ್ಡಿಗಳ ನಡುವೆ ಉಸಿರಾಡುವಷ್ಟು ಜಾಗವಿತ್ತು. ಮತ್ತು ಪಿಯಾನೊ, ಅದು ಈಗ ಹೊಳೆಯುತ್ತಿರಲಿಲ್ಲ, ಯೋಚಿಸುತ್ತಿತ್ತು. ಒಂದು ಸ್ವರ ಎತ್ತಿಕೊಂಡು, ಒಂದು ಕ್ಷಣ ತಡೆದು, ಸರಿ ಅನ್ನಿಸಿದ ಮೇಲೆ ಇಡುತ್ತಿತ್ತು. ಅವಳು ಕಂಡ ಇಪ್ಪತ್ತೇಳರ ಹುಡುಗ ಅವನೇ. ಆ ಪತ್ರಿಕೆಯವನು ಎತ್ತು ಅಂದದ್ದು ಇದನ್ನು.

ಮುರೊತಾ ಮೊದಮೊದಲು ಕೈ ಕಟ್ಟಿಕೊಂಡು ಬಿಗಿಯಾಗಿ ಕೂತಿದ್ದ. ಎರಡನೇ ಹಾಡಿಗೆ ಕೈ ಸಡಿಲವಾಯಿತು. ಮೂರನೇ ಹಾಡಿಗೆ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಎರಡನೇ ಮಗ್ಗುಲೂ ಮುಗಿಯಿತು. ಗಂಟೆಯ ಅಲೆ ಅಡಗಿ, ಖಾಲಿ ಗೆರೆಯಲ್ಲಿ ಸೂಜಿ ಸುತ್ತಿತು. ಫುಸಾಯೊ ಅದನ್ನು ಎತ್ತಿದಳು. ನಿಶಿದಾತೆ ಎದ್ದು ಕೌಂಟರಿನ ಬಳಿ ಬಂದು ನಿಂತ. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ಐದರವರೆಗೆ ಮಾತಾಡಕೂಡದು.

"ಮಾತಾಡಬಹುದಾ?" ಅಂದ.

"ಮಾತಾಡು."

"ಆ ಇಪ್ಪತ್ತು ಸೆಕೆಂಡು ನೀನು ಪೋಲು ಮಾಡಬೇಕಿತ್ತು ಫುಸಾ."

ಬೈಗುಳ ಅಷ್ಟೇ. ಅವಳು ತಲೆ ತಗ್ಗಿಸಿದಳು. ಅದಕ್ಕಿಂತ ದೊಡ್ಡದನ್ನು ನಿರೀಕ್ಷಿಸಿದ್ದ ಬೆನ್ನಿಗೆ ಆ ಸಣ್ಣ ಮಾತು ತಡೆದುಕೊಳ್ಳುವುದೇ ಕಷ್ಟವಾಯಿತು.

ನಿಶಿದಾತೆ ಉಸಾಮಿಯ ಕಡೆ ತಿರುಗಿದ. "ಮೂರನೇ ಹಾಡಿನ ನಡುವೆ ಎಡಗೈಯಲ್ಲಿ ಒಂದು ತಪ್ಪು ಸ್ವರ ಇದೆ. ಮೊದಲು ಓಟದಲ್ಲಿ ಕೇಳ್ತಿರಲಿಲ್ಲ. ಈಗ ಚೆನ್ನಾಗಿ ಕೇಳುತ್ತೆ."

"ಬೇಕಾದ್ರೆ ತೆಗೀಬಹುದು," ಅಂದಳು ಉಸಾಮಿ. "ಯಾರಿಗೂ ಗೊತ್ತಾಗಲ್ಲ."

"ಬೇಡ. ಅದು ನಂದು."

ಅವನು ಸಹಿ ಹಾಕಿದ. ಕವರಿನ ಹಿಂದೆ ಬರೆಯಬೇಕಾದ ಮಾತುಗಳ ಕಾಗದವನ್ನು ಉಸಾಮಿ ಮುಂದಿಟ್ಟಾಗ ಫುಸಾಯೊ ಪೆನ್ನು ತೆಗೆದುಕೊಂಡು ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: ಹಿಂದಿನ ಮುದ್ರಣದ ವೇಗದ ತಪ್ಪು ಧ್ವನಿಮುದ್ರಣ ಮಾಡಿದ ಕಮಾತಾ ಫುಸಾಯೊ ಅವರದು. "ಅವರದು" ಅನ್ನುವುದನ್ನು ಹೊಡೆದು "ನನ್ನದು" ಅಂತ ಬರೆದಳು. ಉಸಾಮಿ ಬೇಡವೆನ್ನಲು ಬಾಯಿ ತೆರೆದಳು, ಅವಳ ಮುಖ ನೋಡಿ ಕಾಗದವನ್ನು ಮಡಚಿಟ್ಟುಕೊಂಡಳು.

ಆಗ ಮುರೊತಾ, ಹೆದರಿದವನ ಹಾಗೆ, ಹಿಂದಿನಿಂದ ಕೇಳಿದ: "ನನ್ನ ಹತ್ರ ಹಳೇದು ಎರಡಿದೆ. ಅದನ್ನ ಏನ್ಮಾಡ್ಲಿ?"

"ಇಟ್ಕೊಳ್ಳಿ ಡಾಕ್ಟ್ರೇ," ಅಂದ ನಿಶಿದಾತೆ. "ಅದರಲ್ಲಿ ನಾನು ಇನ್ನೂ ಚಿಕ್ಕೋನ ಹಾಗೆ ಕೇಳಿಸ್ತೀನಿ."

ಇನಾಗಾಕಿ ಮೊದಲು ನಕ್ಕ. ಆಮೇಲೆ ಮುರೊತಾನೂ ನಕ್ಕು, ಕನ್ನಡಕ ಹುಡುಕಿದ.

ಫುಸಾಯೊ ಕಾಫಿ ಇಟ್ಟಳು. ನಿಶಿದಾತೆ ನಿಂತೇ ಎರಡು ಗುಟುಕು ಕುಡಿದ. ಕತ್ತಲಾಗುವುದರೊಳಗೆ ಸವರಬೇಕಾದ ಗಿಡ ಇನ್ನೂ ಮೂರಿವೆ ಅಂದ. ಬಾಗಿಲಲ್ಲಿ ಟೋಪಿ ಹಾಕಿಕೊಂಡವನು, ನೆನಪಾದವನಂತೆ ಮೊದಲ ಹಾಡಿನ ಶುರುವನ್ನು ಬಾಯಲ್ಲೇ ಗುನುಗಿ ನೋಡಿದ, ಸರಿಯಾದ ವೇಗದಲ್ಲಿ. ಹಾಗೇ ಗುನುಗುತ್ತ ಹಿಮದೊಳಕ್ಕೆ ಇಳಿದು ಹೋದ.